ಕೇಕು ತರುವ ಹಕ್ಕು

ಮಾಲ್ಮೋ ಬಂದರಿನ ಪಕ್ಕದ ಹಳೆಯ ಗೋದಾಮಿನ ಮೂರನೇ ಮಹಡಿಯಲ್ಲಿ ಬೆಳಗಿನ ಆರು ಗಂಟೆಗೇ ಒಬ್ಬ ಮುದುಕ ರೇಗಾಡುತ್ತಿದ್ದಾನೆ. ಇಂಗ್ಲೆಂಡಿನ ಈಶಾನ್ಯ ಮೂಲೆಯ ಬಸ್ ಡ್ರೈವರ್ ಅವನು. ಡಿಪೋದ ಕ್ಯಾಂಟೀನಿನಲ್ಲಿ ಯಾರೋ ತನ್ನ ಕಪ್ಪಿನಲ್ಲಿ ಚಹಾ ಕುಡಿದಿದ್ದಾರೆ, ಹಾಗಾಗಿ ಇವತ್ತು ಬಸ್ಸು ಹೊರಡುವುದಿಲ್ಲ ಎಂಬುದು ಅವನ ಹಟ. ಮಾತು ಅರ್ಧ ಗಂಟಲಲ್ಲೇ ಉಳಿದು, ಇನ್ನರ್ಧ ಮೂಗಿನಿಂದ ಹೊರಬೀಳುತ್ತದೆ. ಬಾಗಿಲ ಬಳಿ ಕಾಫಿ ಲೋಟ ಹಿಡಿದು ನಿಂತಿದ್ದ ಸ್ವೀಡಿಷ್ ಮಹಿಳೆಯೊಬ್ಬರು ಪತ್ರಿಕೆಗೆ ಬರೆಯಲು ಬಂದ ನಮ್ಮನ್ನು ಕಂಡು ಜೆರಾಕ್ಸ್ ಯಂತ್ರದ ಕಡೆಗೆ ಸರಿದುಹೋಗುತ್ತಾರೆ.

ಬಾಗಿಲು ತೆರೆದರೆ ಒಳಗೆ ಮುದುಕನಿಲ್ಲ. ತಲೆಗೆ ಸ್ಕಾರ್ಫ್, ಅದರ ಮೇಲೆ ಹೆಡ್‌ಫೋನ್, ಮೈಮೇಲೆ ಪತಿಯ ಹಳೆಯ ಸ್ವೆಟರ್. ಗದಗಿನ ಶಾಕಿರಾ ಬಳಿಗಾರ ಅವರು ಮುಷ್ಟಿಯಿಂದ ಮೇಜು ಗುದ್ದಿ, ಟೇಪು ನಿಲ್ಲಿಸಿ, ಈಗ ತಾನೇ ಬೈದದ್ದನ್ನು ಇಂಗ್ಲಿಷಿನಲ್ಲಿ ಟೈಪು ಮಾಡುತ್ತಿದ್ದಾರೆ.

"ಬಾಯಾಗ ಬರಲಾರದ್ದು ಬೆರಳಾಗ ಬರೂದಿಲ್ರಿ" ಎನ್ನುತ್ತಾರೆ. "ಅದಕ್ಕ ಎಲ್ಲಾರಕಿಂತ ಮೊದಲ ಬರ್ತೀನಿ. ಒಂಬತ್ತಕ್ಕ ಬಂದು ಹಿಂಗ ಒದರಾಕ ಹತ್ತಿದ್ರ ಈ ತಣ್ಣನ ಮಂದಿ ಆಂಬುಲೆನ್ಸ್ ಕರಸ್ತಾರ."

ಸ್ವೀಡನ್ನಿನವರು ಹೊರದೇಶದ ಧಾರಾವಾಹಿಗಳಿಗೆ ತಮ್ಮ ದನಿ ಕೂರಿಸುವುದಿಲ್ಲ. ಮೂಲ ಮಾತನ್ನೇ ಕೇಳುತ್ತಾ, ಪರದೆಯ ಅಡಿಯಲ್ಲಿ ಬರುವ ಸ್ವೀಡಿಷ್ ಸಾಲು ಓದುತ್ತಾ ನಗುತ್ತಾರೆ. ಆ ಸಾಲು ಬರೆಯುವ ಅನುವಾದಕರಿಗೆ ಮೂಲ ಸಂಭಾಷಣೆ ಕಾಗದದಲ್ಲಿ ಬೇಕು. ಬಸ್ ಡಿಪೋದ ಈ ಬ್ರಿಟಿಷ್ ಹಾಸ್ಯ ಧಾರಾವಾಹಿಯೋ ಬಡವರ ಮನೆಯ ಮಗು. ಟೇಪಿನ ಜೊತೆ ಒಂದು ಚೀಟಿಯೂ ಬರುವುದಿಲ್ಲ. ಅದನ್ನು ಕೇಳಿ, ಆಡಿ, ಬರೆದು ಕೊಡುವುದು ಶಾಕಿರಾ ಅವರ ಕೆಲಸ. ಅರ್ಧ ಗಂಟೆಯ ಕಂತಿಗೆ ಎರಡು ಬೆಳಗು ಬೇಕು; ಮದುವೆ ಮನೆ, ಹೆಣದ ಮನೆ ಬಂದರೆ ಮೂರು. "ಎಲ್ಲಾರೂ ಒಮ್ಮೆಲೆ ಮಾತಾಡ್ತಾರ್ ನೋಡ್ರಿ. ನಮ್ಮ ಕಡೆ ಹಂಗ."

ಇವತ್ತು ಕೈಯಲ್ಲಿರುವುದು ಆ ಧಾರಾವಾಹಿಯ ಕೊನೆಯ ಕಂತು. ಪ್ರಸಾರ ಶನಿವಾರ. ಸೋಮವಾರ ಈ ಕಚೇರಿಗೆ ಒಂದು ಕೇಕು ಬರಬೇಕು. ಅದನ್ನು ಯಾರು ತರಬೇಕು ಎಂಬುದೇ ವಾರವಿಡೀ ಶಾಕಿರಾ ಅವರ ತಲೆ ತಿನ್ನುತ್ತಿರುವ ಪ್ರಶ್ನೆ.

ಹೊರಗಿನವರಿಗೆ ಇದು ಚಿಲ್ಲರೆ ಎನಿಸೀತು. ಆದರೆ ಸ್ವೀಡನ್ನಿನ ಕಚೇರಿಗಳಲ್ಲಿ ಫೀಕಾ ಎಂದರೆ ಬರೀ ಕಾಫಿ ವಿರಾಮವಲ್ಲ, ಹೆಚ್ಚುಕಡಿಮೆ ಪೂಜೆ. ಇಲ್ಲಿ ಸಂತೋಷ ಪಟ್ಟವರೇ ಸಿಹಿ ತರಬೇಕು, ಹುಟ್ಟಿದವರೇ ತಮ್ಮ ಹುಟ್ಟುಹಬ್ಬದ ಕೇಕು ಹೊತ್ತು ತರಬೇಕು. ಈ ಸಂಸ್ಥೆಯಲ್ಲಿ ಅದರ ಮೇಲೊಂದು ರೂಢಿಯುಂಟು: ಸರಣಿಯೊಂದು ಮುಗಿದಾಗ ಪರದೆಯ ಮೇಲೆ ಯಾರ ಹೆಸರು ಬಂತೋ ಅವರು ಮುಂದಿನ ಸೋಮವಾರ ಕೇಕು ತರುತ್ತಾರೆ, ಉಳಿದವರು ಚಪ್ಪಾಳೆ ತಟ್ಟುತ್ತಾರೆ. ಕೇಕು ಒಬ್ಬರದು, ಕೇಕೆ ಎಲ್ಲರದು. ಪರದೆಯ ಮೇಲೆ ಬರುವ ಹೆಸರು ಅನುವಾದಕಿ ಗುನಿಲ್ಲಾ ಅವರದು, ಮೂರು ಸೆಕೆಂಡು. ಕೇಳಿ ಬರೆದವರ ಹೆಸರು ಹಾಕುವ ಪದ್ಧತಿಯಿಲ್ಲ. ಎಲೆಮರೆಯ ಕಾಯಿ ಎನ್ನುತ್ತೇವಲ್ಲ, ಇವರು ತೆರೆಮರೆಯ ಕಾಯಿ.

"ಆರು ವರ್ಷ ಆತು, ಬರೇ ತಿನ್ನಾಕಿ ನಾನು" ಎನ್ನುತ್ತಾರೆ ಶಾಕಿರಾ. "ಗುನಿಲ್ಲಾ ಹಸರ ಹೊದಿಕಿ ಕೇಕ್ ತರ್ತಾಳ, ನಡುವ ಗುಲಾಬಿ ಹೂ ಇರ್ತೈತಿ. ಭಾಳ ಚಲೋ ಇರ್ತೈತ್ರಿ, ಸುಳ್ಳ ಯಾಕ ಹೇಳ್ಲಿ. ಆದ್ರ ಗಂಟ್ಲದಾಗ ಇಳಿಯೂದಿಲ್ಲ. ಹೊಟ್ಟಿಕಿಚ್ಚ ಮೊದ್ಲ ಹೋಗಿ ಕುಂತಿರ್ತೈತಲ್ಲ, ಕೇಕಿಗೆ ಜಾಗಾ ಎಲ್ಲೈತಿ?"

ಗದಗಿನ ಉರ್ದು ಶಾಲೆಯಲ್ಲಿ ಓದಿದ, ಇಂಗ್ಲಿಷಿನಲ್ಲಿ ಹೇಗೋ ಪಾಸಾದ ಶಾಕಿರಾ ಈ ವಿದ್ಯೆ ಕಲಿತದ್ದು ಅದೇ ಈಶಾನ್ಯ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ. ಪತಿ ಮಾಜಿದ್ ಅವರಿಗೆ ಅಲ್ಲಿ ಸಾಫ್ಟ್‌ವೇರ್ ಕೆಲಸ ಸಿಕ್ಕಿತ್ತು. ಇವರು ಬಸ್ ಡಿಪೋದ ಕ್ಯಾಂಟೀನು ಸೇರಿದರು. ಮೊದಮೊದಲು ಡ್ರೈವರುಗಳ ಒಂದು ಮಾತೂ ತಿಳಿಯದೆ, ಅವರು ಅಂದದ್ದನ್ನು ಅಂದ ಹಾಗೆಯೇ ಅವರಿಗೇ ತಿರುಗಿಸಿ ಹೇಳುತ್ತಿದ್ದರಂತೆ. ಡ್ರೈವರುಗಳು ಬಿದ್ದು ಬಿದ್ದು ನಗುತ್ತಿದ್ದರು, ಆಮೇಲೆ ಬೆರಳಿನಿಂದ ತೋರಿಸಿ ಅರ್ಥ ಹೇಳುತ್ತಿದ್ದರು. ಅನುಕರಣೆ ಮೊದಲು, ಅರ್ಥ ಆಮೇಲೆ. ಮಾಲ್ಮೋಗೆ ಬಂದ ಮೇಲೆ ಮಾಜಿದ್ ದಿನಾ ಸೇತುವೆ ದಾಟಿ ಕೋಪನ್‌ಹೇಗನ್ನಿನ ಕಚೇರಿಗೆ ಹೋಗಲು ಶುರುಮಾಡಿದರು. ಶಾಕಿರಾ ಈ ಕೋಣೆ ಹೊಕ್ಕರು. ಡಿಪೋದಲ್ಲಿ ಕೇಳಿದ ದನಿಗಳೆಲ್ಲ ಇಲ್ಲಿ ಟೇಪಿನಲ್ಲಿ ಸಿಕ್ಕವು.

ಎಲ್ಲ ಸರಿಯಿತ್ತು, ಸವತಿ ಬರುವ ತನಕ.

ಸವತಿ ಅಮೆರಿಕದವಳು. ಎರಡು ವರ್ಷದ ಕೆಳಗೆ ಅಲ್ಲಿನವರು ಇದೇ ಧಾರಾವಾಹಿಯನ್ನು ಕೊಂಡು ರಿಮೇಕ್ ಮಾಡಿದರು. ಡಿಪೋ ಓಹಾಯೋಗೆ ಹೋಯಿತು. ಮುದುಕನಿಗೆ ಹಲ್ಲು ಬಂತು, ಚಹಾ ಹೋಗಿ ಕಾಫಿ ಬಂತು, ಮಾತಿನಲ್ಲಿದ್ದ ಊರನ್ನು ಸೋಪು ಹಾಕಿ ತೊಳೆದರು. ಮುಖ್ಯವಾಗಿ, ಟೇಪಿನ ಜೊತೆಗೇ ಸಂಭಾಷಣೆ ಅಚ್ಚುಕಟ್ಟಾಗಿ ಟೈಪಾಗಿ ಬಂತು. ಕಾಗದ ನೇರವಾಗಿ ಗುನಿಲ್ಲಾ ಮೇಜಿಗೆ ಹೋಯಿತು. ಅದು ಸ್ವೀಡನ್ನಿನಲ್ಲಿ ಭರ್ಜರಿ ಓಡಿತು, ಎರಡು ಸರಣಿ, ಎರಡು ಕೇಕು. ಈಗ ಚಾನೆಲ್‌ನವರು ಶನಿವಾರದ ಹೊತ್ತನ್ನು ಪೂರ್ತಿ ಅದಕ್ಕೇ ಕೊಟ್ಟು, ಹಳೆಯದಕ್ಕೆ ಮಂಗಳ ಹಾಡುತ್ತಿದ್ದಾರೆ. ಶಾಕಿರಾ ಅವರಿಗೆ ಇನ್ನು ಬಿಡಿ ಬಿಡಿ ಸಾಕ್ಷ್ಯಚಿತ್ರಗಳು ಬರುತ್ತವಂತೆ: ಹಕ್ಕಿಗಳ ಬಗ್ಗೆ, ಹಿಮನದಿಗಳ ಬಗ್ಗೆ.

"ಹಕ್ಕಿ ಏನ್ ಮಾತಾಡ್ತಾವ್ರಿ" ಎಂದು ಗೊಣಗುತ್ತಾರೆ.

ಸವತಿಯ ಹುಳುಕು ಹುಡುಕಲೆಂದೇ ಅವರು ಮನೆಯಲ್ಲಿ ಒಂದೊಂದೂ ಕಂತನ್ನು ರೆಕಾರ್ಡ್ ಮಾಡಿಟ್ಟಿದ್ದಾರೆ. ಸಂಜೆ ಅವರ ಮನೆಗೆ ಹೋದಾಗ ಅದೇ ಓಡುತ್ತಿದೆ. ಹನ್ನೆರಡರ ಮಗಳು ತಸ್ನೀಮ್ ಸೋಫಾದ ಮೇಲೆ ಉರುಳಾಡಿ ನಗುತ್ತಾಳೆ.

"ಅದರಾಗ ನಗೂವಂಥಾದ್ ಏನೈತಿ?"

"ಅಮ್ಮೀ, ಇದು ಎಲ್ಲಾ ಅರ್ಥ ಆಗತ್ತೆ. ನಿಮ್ಮದರಲ್ಲಿ ಕೆಳಗಡೆ ಓದ್ಬೇಕು" ಎಂದು ಮಗಳು ಅರ್ಧ ಕನ್ನಡದಲ್ಲಿ ಶುರುಮಾಡಿ, ಉಳಿದದ್ದನ್ನು ಸ್ವೀಡಿಷಿನಲ್ಲಿ ಮುಗಿಸುತ್ತಾಳೆ.

"ನೋಡ್ರಿ, ಹೊಟ್ಟ್ಯಾಗ ಹುಟ್ಟಿದಾಕಿ" ಎಂದು ಶಾಕಿರಾ ನಮ್ಮ ಕಡೆ ತಿರುಗುತ್ತಾರೆ.

ಮಾಜಿದ್ ಚಹಾ ತಂದಿಡುತ್ತಾರೆ. "ಈ ಮನ್ಯಾಗ ನಾವ್ ಮೂರು ಮಂದಿ ಅಲ್ರಿ, ನಾಕು. ನಾಕನೇದು ಆ ಓಹಾಯೋದ ಮುದುಕ. ರಾತ್ರಿ ನಾ ಗೊರಕಿ ಹೊಡದ್ರೂ, ಅಮೆರಿಕದಾಂವನಂಗ ಹೊಡೀಬ್ಯಾಡ್ರಿ ಅಂತಾಳ."

"ನಿಮಗ್ಯಾಕ ಹೊಟ್ಟಿಕಿಚ್ಚು? ಅವಂಗ ನಿಮಗಿಂತ ಹಲ್ಲು ಚಲೋ ಅದಾವಂತನ?"

ಎರಡನೇ ಲೋಟ ಚಹಾ ಮುಗಿಯುವ ಹೊತ್ತಿಗೆ ಹರಟೆ ಅವರ ಗದಗಿನ ಮಾತಿನ ಕಡೆಗೆ ತಿರುಗುತ್ತದೆ. ಮೊದಲ ಭೇಟಿಯಲ್ಲಿ, ಕಳೆದ ತಿಂಗಳ ಕನ್ನಡ ಕೂಟದ ಸಭೆಯಲ್ಲಿ, ಇದೇ ಶಾಕಿರಾ ಪಕ್ಕಾ ಬೆಂಗಳೂರಿನವರಂತೆ "ಹೌದಾ, ಸೂಪರ್, ಆಮೇಲೆ ಕಾಲ್ ಮಾಡ್ತೀನಿ" ಎಂದು ಮಾತಾಡಿದ್ದರು. ಅದನ್ನು ನೆನಪಿಸಿದರೆ ಅವರಿಗೇ ನಗು ಬರುತ್ತದೆ. "ಅಲ್ಲಿ ಐತ್ರಿ ಅಂದ್ರ ನಾಕು ಮಂದಿ ತಿರುಗಿ 'ಐತ್ರಿ' ಅಂತಾರ. ಪಾಪ, ಪ್ರೀತಿಲೇ ಅಂತಾರ. ಆದ್ರ ದಿನಾ ಎಷ್ಟಂತ ನಗೂದು? ಅದಕ್ಕ ಕೂಟದಾಗ ನಾನೂ ನನ್ನ ಅಮೆರಿಕನ್ ರಿಮೇಕ್ ಆಗಿರ್ತೀನಿ." ಲೋಟ ಕೆಳಗಿಟ್ಟು ಸೇರಿಸುತ್ತಾರೆ, "ಸವತಿ ಮ್ಯಾಲ ಸಿಟ್ಟು ಬರೂದು ಅದಕ್ಕೂ ಇರಬೇಕು. ನಾ ಮುಚ್ಚಿಟ್ಟು ಮಾಡಿದ್ದನ್ನ ಆಕಿ ರಾಜಾರೋಷ ಮಾಡಿ ಚಪ್ಪಾಳಿ ತಗೊಂಡ್ಲಲ್ಲ."

ಹೊಟ್ಟೆಕಿಚ್ಚು ಒಮ್ಮೆ ಕೈಮೀರಿದ್ದೂ ಉಂಟು. ಕಳೆದ ವರ್ಷ ರಿಮೇಕಿನ ಎರಡನೇ ಕೇಕು ಬಂದ ಮರುವಾರ ಶಾಕಿರಾ ಯಾರನ್ನೂ ಕೇಳದೆ, ಯಾವ ಹೆಸರೂ ಎಲ್ಲೂ ಬಾರದೆ, ಮನೆಯಲ್ಲಿ ಕರದಂಟು ಮಾಡಿ ಡಬ್ಬಿ ತುಂಬಿ ತಂದು ಫೀಕಾ ಮೇಜಿನ ಮೇಲೆ ಇಟ್ಟರು. ಮೊಲ್ಲೆವಾಂಗನ್ ಬಡಾವಣೆಯ ಅರಬ್ಬರ ಅಂಗಡಿಯಲ್ಲಿ ಖರ್ಜೂರವೂ ಸಿಗುತ್ತದೆ, ತಿನ್ನುವ ಅಂಟೂ ಸಿಗುತ್ತದೆ. ಬೆಲ್ಲಕ್ಕೆ ಮಾತ್ರ ಊರಿಂದ ಬರುವವರ ಸೂಟ್‌ಕೇಸನ್ನು ಕಾಯಬೇಕು. ಕಾದಿಟ್ಟಿದ್ದ ಬೆಲ್ಲವೆಲ್ಲ ಅವತ್ತು ಖರ್ಚಾಯಿತು.

ಯಾರೂ ಡಬ್ಬಿ ಮುಟ್ಟಲಿಲ್ಲ. ಬೈಯಲೂ ಇಲ್ಲ. ಕೊನೆಗೆ ಮೇಲ್ವಿಚಾರಕರು ಮೆಲ್ಲಗೆ ಕೇಳಿದರು: ಇವತ್ತು ಏನು ವಿಶೇಷ?

"ಹಳೇ ಮುದುಕನ ಮಾತೆಲ್ಲಾ ನಂದು ಅನ್ನಬೇಕಾಗಿತ್ತು. ಬಾಯಿಗೆ ಬರಲಿಲ್ಲ. ಹುಟ್ಟಿದ ಹಬ್ಬ ಅಂದ್ಬಿಟ್ಟೆ."

ಹಾಗಂದದ್ದು ಇನ್ನೊಂದು ಎಡವಟ್ಟು. ಫ್ರಿಜ್ಜಿನ ಮೇಲೆ ಎಲ್ಲರ ಹುಟ್ಟುಹಬ್ಬದ ಪಟ್ಟಿ ಅಂಟಿಸಿದೆ. ಶಾಕಿರಾ ಅವರದು ಜೂನ್ ಒಂದು. ಇಲ್ಲಿ ಪ್ರತಿಯೊಬ್ಬರಿಗೂ ಕೊಡುವ ಪರ್ಸೂನ್‌ನುಮ್ಮರ್ ಸಂಖ್ಯೆಯೇ ಹುಟ್ಟಿದ ದಿನಾಂಕದಿಂದ ಶುರುವಾಗುವುದರಿಂದ ಮುಚ್ಚಿಡುವಂತೆಯೂ ಇಲ್ಲ. ಜೂನ್ ಒಂದು ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ತರರು ಬರೆದುಕೊಂಡ ದಿನ ಎಂಬುದು ನಮಗೆಲ್ಲ ಗೊತ್ತು, ನಮ್ಮ ಅರ್ಧ ಊರು ಅವತ್ತೇ ಹುಟ್ಟಿದೆ. ಅವರಿಗೆ ಹೇಗೆ ಗೊತ್ತಾಗಬೇಕು? ಪ್ರತಿ ವರ್ಷ ಜೂನ್ ಒಂದಕ್ಕೆ ಸಹೋದ್ಯೋಗಿಗಳು ತಟ್ಟೆ ಜೋಡಿಸಿ ಕಾಯುತ್ತಿದ್ದರು, ಇವರು ಏನೂ ತಿಳಿಯದೆ ಬರಿಗೈಯಲ್ಲಿ ಬಂದು ಕೂರುತ್ತಿದ್ದರು. ಜಿಪುಣಿ ಎಂದು ಅವರೆಲ್ಲ ಮನಸ್ಸಿನಲ್ಲೇ ಕ್ಷಮಿಸಿಬಿಟ್ಟಿದ್ದರು.

"ಜೂನ್ ಒಂದು ನಮ್ಮ ಹೆಡ್‌ಮಾಸ್ತರ್ ಮಾಡಿದ ರಿಮೇಕ್, ಇವತ್ತಿಂದು ಒರಿಜಿನಲ್ ಅಂತ ಹೇಳ್ದೆ. ಅವ್ವಗ ಕೇಳಿದ್ರ, ಜ್ವಾಳಾ ಕೊಯ್ಯೂ ಮುಂದ ಹುಟ್ಟೀದಿ ಅಂತಾಳ, ಅಷ್ಟ. ಅವತ್ತ ಹುಟ್ಟಿಲ್ಲ ಅನ್ನಾಕ ಯಾರ ಕಡೆ ಏನೈತಿ?"

ಎಲ್ಲರೂ ಎದ್ದು ನಿಂತು ಹುಟ್ಟುಹಬ್ಬದ ಹಾಡು ಹೇಳಿ ಚಪ್ಪಾಳೆ ತಟ್ಟಿದರು. ಮೊದಲ ಕರದಂಟು ಕಡಿದವರು ಗುನಿಲ್ಲಾ. ಶಾಕಿರಾ ಅವರಿಗೆ ಆ ಚಪ್ಪಾಳೆ ಕಾಲಿಗೆ ಹತ್ತಿದ ಗಾಜಿನಂತೆ ಇನ್ನೂ ಚುಚ್ಚುತ್ತದೆ. ಕೊಟ್ಟ ಕಾರಣ ಬೇರೆ, ಇದ್ದ ಕಾರಣ ಬೇರೆ.

ಈಗ ಸೋಮವಾರದ ವಿಚಾರ. ಕಳೆದ ವಾರ ಗುನಿಲ್ಲಾ ಇವರ ಕೋಣೆಗೆ ಬಂದು, "ಈ ಸಲ ನಾನು ತರುವುದಿಲ್ಲ, ನೀನು ತಾ" ಎಂದು ಹೇಳಿ ಹೋಗಿದ್ದಾರೆ. ಕಾರಣ ಹೇಳಿಲ್ಲ. ಸ್ವೀಡನ್ನಿನವರು ಕಾರಣ ಹೇಳುವುದು ಕಡಿಮೆ.

"ಭಿಕ್ಷಾ ಹಾಕಿದಂಗ ಆತಲ್ರಿ" ಎನ್ನುತ್ತಾರೆ ಶಾಕಿರಾ. "ಎರಡು ಕೇಕ್ ಸವತಿದು ತಂದು ಕೈ ದಣದಾವು, ಕಡೇದ್ದು ನನಗ ಒಗದ್ಲು. ಅಕಿ ಕೊಟ್ಟಿದ್ದ ಸರದಿ ನನಗ ಬ್ಯಾಡ."

ಮರುದಿನ ಫೀಕಾ ಮೇಜಿನಲ್ಲಿ ಗುನಿಲ್ಲಾ ಅವರನ್ನೇ ಕೇಳುತ್ತೇವೆ. ಐವತ್ತು ದಾಟಿದ, ನಿಧಾನದ ಹೆಂಗಸು. ನಿನ್ನೆ ಬೆಳಿಗ್ಗೆ ಬಾಗಿಲ ಬಳಿ ಕಾಫಿ ಲೋಟ ಹಿಡಿದು ನಿಂತಿದ್ದವರು ಇವರೇ. ಲೋಟವನ್ನು ತಿರುಗಿಸುತ್ತಾ, ಎದುರು ಕೂತ ಶಾಕಿರಾ ಅವರನ್ನು ನೋಡದೆ, ಇಂಗ್ಲಿಷಿನಲ್ಲಿ ಹೇಳುತ್ತಾರೆ:

"ನಾನೂ ಬೇಗ ಬರುತ್ತೇನೆ. ಬಾಗಿಲ ಹೊರಗೆ ನಿಂತು ಕೇಳುತ್ತೇನೆ. ಟೇಪು ನನಗೆ ಅರ್ಥವಾಗುವುದಿಲ್ಲ, ಇವಳು ಕೊಡುವ ಕಾಗದ ಅರ್ಥವಾಗುತ್ತದೆ, ಆದರೆ ನಗು ಬರುವುದು ಇವಳು ಒಳಗೆ ಕೂಗಾಡುವಾಗ. ಸ್ವೀಡಿಷಿನಲ್ಲಿ ಆ ಮುದುಕ ಮಾತಾಡುವುದು ಇವಳ ಹಾಗೆ. ಅಮೆರಿಕದ್ದಕ್ಕೆ ಕಾಗದ ಬರುತ್ತದೆ, ಆಡಿ ತೋರಿಸುವವರು ಯಾರೂ ಇಲ್ಲ. ಎಲ್ಲರಿಗಿಂತ ಮೊದಲು ನಗುವವಳು ಇವಳು. ನನಗೆ ಆರು ವರ್ಷದಿಂದ ಇವಳ ಮೇಲೆ ಹೊಟ್ಟೆಕಿಚ್ಚು."

ಶಾಕಿರಾ ಅವರ ಕೈಯಲ್ಲಿದ್ದ ದಾಲ್ಚಿನ್ನಿ ಬನ್ನು ಬಾಯಿಯ ಹತ್ತಿರವೇ ನಿಂತಿದೆ. ಆಮೇಲೆ ಕನ್ನಡದಲ್ಲಿ, ನಮಗೆ ಮಾತ್ರ ಕೇಳುವ ಹಾಗೆ, "ಕದ್ದು ಕೇಳ್ತಿದ್ಲಂತ ನೋಡ್ರಿ ಮುದುಕಿ" ಎನ್ನುತ್ತಾರೆ. ಬನ್ನು ಪೂರ್ತಿ ತಿಂದು ಮುಗಿಸುತ್ತಾರೆ. ಗಂಟಲಲ್ಲಿ ಸಲೀಸಾಗಿ ಇಳಿಯಿತೆಂದು ಕಾಣುತ್ತದೆ.

ಹೊರಡುವ ಮುನ್ನ ಮೊಲ್ಲೆವಾಂಗನ್ ಅಂಗಡಿಯವರೆಗೆ ಅವರ ಜೊತೆ ನಡೆಯುತ್ತೇವೆ. ಅವರು ಅಂಟಿನ ಹರಳನ್ನು ಬೆಳಕಿಗೆ ಹಿಡಿದು ನೋಡಿ ಆರಿಸುತ್ತಾರೆ. ಬೆಲ್ಲ? ಕೂಟದ ಗೆಳತಿ, ಕಾರ್ಲ್‌ಸ್ಕ್ರೂನಾ ಪಟ್ಟಣದ ಗೀತಾ ಅವರ ತಾಯಿ ಊರಿಂದ ಬಂದಿದ್ದಾರಂತೆ, ಕೇಳಿಯಾಗಿದೆ. ಸಿಟ್ಟು ಹೋಯಿತೇ ಎಂದರೆ, "ಸವತಿ ಮ್ಯಾಲಿಂದು ಹೋಗಿಲ್ಲ. ಅದು ಹೋಗಬಾರದು, ಹೋದ್ರ ಬೆಳಿಗ್ಗೆ ಏಳಾಕ ಆಗೂದಿಲ್ಲ" ಎನ್ನುತ್ತಾರೆ. "ಗುನಿಲ್ಲಾನ್ ಮ್ಯಾಲಿಂದು ಅರ್ಧಾ ಹೋಗೇತಿ. ನನ್ನ ಮ್ಯಾಲೂ ಹೊಟ್ಟಿಕಿಚ್ಚು ಪಡೂವಂಥಾರು ಒಬ್ರು ಅದಾರಂದ್ರ, ನಾನೂ ಏನರ ಮಾಡೇನಿ ಅಂತ ಆತಲ್ಲ."

ನೀವು ಇದನ್ನು ಓದುವ ಹೊತ್ತಿಗೆ ಆ ಮುದುಕ ಕೊನೆಯ ಸಲ ರೇಗಿ, ಕೊನೆಯ ಬಸ್ಸು ಓಡಿಸಿ ಆಗಿರುತ್ತದೆ. ಪರದೆಯ ಮೇಲೆ ಮೂರು ಸೆಕೆಂಡು ಗುನಿಲ್ಲಾ ಹೆಸರು ಬಂದು ಹೋಗಿರುತ್ತದೆ. ನಾಳೆ ಸೋಮವಾರ. ಕರದಂಟಿನ ಡಬ್ಬಿ ಫೀಕಾ ಮೇಜಿನ ಮೇಲೆ ಇರುತ್ತದೆ. ಪರದೆಯ ಮೇಲೆ ತಮ್ಮ ಹೆಸರು ಬರುವುದಿಲ್ಲವಲ್ಲ ಎಂಬ ಬೇಸರ ಇದೆಯೇ ಎಂದು ಕೇಳಿದ್ದಕ್ಕೆ ಶಾಕಿರಾ ಅಂಟಿನ ಪೊಟ್ಟಣ ಚೀಲಕ್ಕೆ ಹಾಕಿಕೊಂಡರು.

"ಹೆಸರ ಇರ್ಲಿ ಬಿಡ್ರಿ. ಡಬ್ಬಿ ಮುಚ್ಚಳಾ ತೆಗದಾಗ ಯಾರರ ಒಬ್ರು, ಇವತ್ತ ಏನ್ ವಿಶೇಷ ಅಂತ ಕೇಳಬೇಕು, ಅಷ್ಟ ನನಗ ಬೇಕಾಗಿದ್ದು. ಹೋದ ವರ್ಷ ಕೇಳಿದಾಗ ಸುಳ್ಳ ಹೇಳೇನಿ. ಈ ಸಲ ಕೇಳ್ಲಿ. 'ಆ ಬಸ್ ಡಿಪೋ ನಂದು' ಅಂತೀನಿ."