ಹಾರ್ಮೋನಿಯಂಗೆ ಹೊದಿಸಿದ ಶಾಲು

ನನ್ನ ಅಕ್ಕ ಹಾಡುವುದು ಕರಿ ನಾಕರಲ್ಲಿ. ಅಂದರೆ ಹಾರ್ಮೋನಿಯಂನ ನಾಲ್ಕನೇ ಕರಿ ಪಟ್ಟಿಯೇ ಅವಳ ಸಾ. ನಲವತ್ತು ವರ್ಷದಿಂದ ಅವಳು ತತ್ವಪದ ಹಾಡುತ್ತಾಳೆ, ನಾನು ಪೆಟ್ಟಿಗೆ ಬಾರಿಸುತ್ತೇನೆ. ಈಗಲೂ ಪ್ರತಿ ಹಾಡಿಗೆ ಮೊದಲು ಬಗ್ಗಿ ನನ್ನ ಬೆರಳು ಎಲ್ಲಿದೆ ಎಂದು ನೋಡಿಯೇ ಬಾಯಿ ತೆಗೆಯುವುದು. ನನ್ನ ಮೇಲೆ ಅವಳಿಗೆ ಅಷ್ಟು ನಂಬಿಕೆ!

ಕರಿ ನಾಕು ಅವಳಿಗೆ ಬರೀ ಶ್ರುತಿಯಲ್ಲ, ಮರ್ಯಾದೆ. "ಅದರಿಂದ ಇಳಿದ ದಿನ ತಾಳ ಅಟ್ಟದ ಮ್ಯಾಲ ಇಡ್ತೇನಿ," ಎಂದು ಮೋರಟಗಿಯ ನಮ್ಮ ಓಣಿಯಲ್ಲಿ ಅವಳು ಎಷ್ಟು ಮಂದಿಯ ಮುಂದೆ ಹೇಳಿದ್ದಾಳೋ. ಹೇಳಿದರೆ ಮಾಡುವವಳೇ. ಚಹಾ ಬಿಡುತ್ತೇನೆ ಎಂದು ಒಂದು ಸಲ ಬಾಯಿ ತಪ್ಪಿ ಅಂದವಳು ಇವತ್ತಿಗೂ ಕುಡಿದಿಲ್ಲ.

ಕಳೆದ ಶ್ರಾವಣದಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದು ನಾಲ್ಕು ಊರಿನ ಕಾರ್ಯಕ್ರಮ ಬಂತು. ಹುಡುಗರೂ ಕೂತು ಕೇಳಬೇಕು, ಕೀಬೋರ್ಡಿನವರೊಬ್ಬರು ಜೊತೆಗಿರಲಿ ಎಂದರು ಕರೆದವರು. ಹಾಗೆ ಸಿಂದಗಿಯ ಮಾಸ್ತರರು ನಮ್ಮ ಪಾಲಿಗೆ ಬಂದರು. ಇಪ್ಪತ್ತು ವರ್ಷ ಮದುವೆ ಆರ್ಕೆಸ್ಟ್ರಾದಲ್ಲಿ ಬಾರಿಸಿದ ಸಾಹೇಬರು, ನೆತ್ತಿ ಬೋಳು, ಮಾತು ಬೆಣ್ಣೆ. ಅವರ ಕೀಬೋರ್ಡನ್ನು ನಾನು ಮೊದಲ ದಿನವೇ "ಇಸ್ತ್ರಿ ಹಲಗಿ" ಎಂದು ಕರೆದೆ. ಅವರು ನಕ್ಕರು. ನನಗೆ ಅದರಿಂದ ಇನ್ನಷ್ಟು ಸಿಟ್ಟು ಬಂತು.

ಬಸ್ಸಿನಲ್ಲಿ ಹೆಂಗಸರಾದ ನಮ್ಮಿಬ್ಬರದು ಪುಕ್ಕಟೆ. ಮಾಸ್ತರರಿಗೆ ಟಿಕೆಟ್ಟು, ಕೀಬೋರ್ಡಿಗೆ ಲಗೇಜು. "ಇದ್ರಾಗೂ ಹೆಣ್ಮಕ್ಕಳ ದನಿ ಐತ್ರಿ, ಫ್ರೀ ಬಿಡ್ರಿ," ಎಂದು ಅವರು ಕಂಡಕ್ಟರನನ್ನು ಕೇಳಿ ನೋಡಿದರು. ಅವನು ಬಿಡಲಿಲ್ಲ.

ಇಂಡಿಯಲ್ಲಿ ಅನಾಹುತವಾಯಿತು. ಎರಡನೇ ಹಾಡಿನಲ್ಲಿ ಮೇಲಿನ ಸಾ ಹತ್ತಲು ಹೋಗಿ ಅಕ್ಕನ ದನಿ ಒಡೆಯಿತು. ಸಭೆ ಪಾಪ ಚಪ್ಪಾಳೆ ಹೊಡೆದು ಮುಚ್ಚಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮಕ್ಕ ಮೈಕು ಸರಿಯಿಲ್ಲ ಅಂದಳು, ಆಮೇಲೆ ಸಾಲೋಟಗಿಯ ಬೀಗರ ಮನೆಯ ಉಪ್ಪಿನಕಾಯಿ ಅಂದಳು. ಆದರೆ ವಾಪಸು ಬರುವಾಗ ತಾಳವನ್ನು ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಕೂತಳು. ನನಗೆ ಹೆದರಿಕೆಯಾಯಿತು. ಅಕ್ಕ ಹಾಡು ಬಿಟ್ಟರೆ ನಾನು ಯಾರಿಗೆ ಬಾರಿಸಲಿ? ಹಾಡದ ಅಕ್ಕನನ್ನು ನಾನು ಕಂಡೇ ಇಲ್ಲ, ಕಾಣುವ ಮನಸ್ಸೂ ಇರಲಿಲ್ಲ.

ಮಾಸ್ತರರ ಹತ್ತಿರ ಹೋದೆ. ಗೇಲಿ ಮಾಡಿದ ಬಾಯಲ್ಲೇ ಉಪಾಯ ಕೇಳಬೇಕಾಯಿತು.

"ಇಸ್ತ್ರಿ ಹಲಗ್ಯಾಗ ಒಂದ್ ಗುಂಡಿ ಐತ್ರಿ ಅಕ್ಕಾರ," ಎಂದರು ಅವರು, ಆ ಮಾತಿಗೆ ಕಾದೇ ಕೂತವರ ಹಾಗೆ. ಆ ಗುಂಡಿ ಒತ್ತಿದರೆ ಬೆರಳು ಕರಿ ನಾಕರ ಮೇಲೇ ಇರುತ್ತದೆ, ದನಿ ಮಾತ್ರ ಎರಡು ಮೆಟ್ಟಿಲು ಇಳಿದು ಕರಿ ಮೂರಕ್ಕೆ ಬರುತ್ತದೆ. "ದೊಡ್ಡಕ್ಕಾರ ನನ್ನ ಬೆರಳ ನೋಡಿದ್ರ ಏನೂ ಗೊತ್ತಾಗೂದಿಲ್ಲ. ನಿಮ್ಮ ಬೆರಳಿಂದ ನೀವ್ ನೋಡ್ಕೋರಿ."

ನನ್ನ ಪೆಟ್ಟಿಗೆಯಲ್ಲಿ ಗುಂಡಿ ಎಲ್ಲಿಂದ ಬರಬೇಕು? ಮೂರಕ್ಕೆ ಇಳಿದರೆ ಬೆರಳೂ ಇಳಿಯಬೇಕು. ಇಂಡಿಯಲ್ಲಿ ಸನ್ಮಾನಕ್ಕೆ ಹೊದಿಸಿದ ಶಾಲು ಕೈಯಲ್ಲಿತ್ತು. ಸಿಂದಗಿಯಲ್ಲಿ ಅದನ್ನೇ ಪಟ್ಟಿಗಳ ಮೇಲೆ ಹೊದಿಸಿ ಒಳಗೆ ಕೈ ಹಾಕಿದೆ. ಸನ್ಮಾನದ ಶಾಲು ಉಪಯೋಗಕ್ಕೆ ಬಂದದ್ದನ್ನು ನಾನು ಕಂಡದ್ದು ಅದೇ ಮೊದಲು.

"ಶಾಲ ಯಾಕ?" ಎಂದಳು ಅಕ್ಕ.

"ಧೂಳ ಬೀಳತೈತಿ."

ಅಕ್ಕ ಮಾಸ್ತರರ ಬೆರಳು ನೋಡಿದಳು. ಕರಿ ನಾಕು. ಹಾಡಿದಳು. ದನಿ ಎಷ್ಟು ಸಲೀಸಾಗಿ ಮೇಲೆ ಹೋಯಿತೆಂದರೆ ನನ್ನ ಕಣ್ಣು ತುಂಬಿತು. "ಬಿಸಿನೀರ ಕುಡದೆ, ಗಂಟಲ ಹಸನಾತು," ಎಂದು ಆಮೇಲೆ ಎಲ್ಲರಿಗೂ ಹೇಳಿದಳು. ನಾನೂ ಮಾಸ್ತರರೂ ಬಿಸಿನೀರಿನ ಗುಣವನ್ನು ಬಾಯಿತುಂಬ ಹೊಗಳಿದೆವು.

ಮುದ್ದೇಬಿಹಾಳದಲ್ಲಿ ಹಿರಿಯರೊಬ್ಬರು ಹತ್ತಿರ ಬಂದು, ಪೆಟ್ಟಿಗೆ ಮುಚ್ಚಿ ಬಾರಿಸುವುದು ನಿಮ್ಮ ಗುರುಗಳ ಪದ್ಧತಿಯೇ ಎಂದು ಭಕ್ತಿಯಿಂದ ಕೇಳಿದರು. ಹೌದ್ರಿ ಎಂದುಬಿಟ್ಟೆ. ಸ್ವರ್ಗದಲ್ಲಿರುವ ಗುರುಗಳು ಕ್ಷಮಿಸಲಿ.

ಬಾಗೇವಾಡಿಯದು ಕೊನೆಯದು. ಸಭೆ ತುಂಬಿತ್ತು. ಮೂರು ಹಾಡು ಚೆನ್ನಾಗಿಯೇ ಆದವು, ನಾಲ್ಕನೆಯದರಲ್ಲಿ ಅಕ್ಕನ ಕತ್ತಿನ ನರ ಬಿಗಿಯುವುದು ಕಾಣಿಸಿತು. ಹಾಡು ಮುಗಿದ ಕೂಡಲೇ ಅವಳು ಕೈ ಚಾಚಿ ಶಾಲು ಎಳೆದು ತನ್ನ ಹೆಗಲಿಗೆ ಹಾಕಿಕೊಂಡಳು. ನನ್ನ ಬೆರಳು ಬಯಲಾಯಿತು, ಕರಿ ಮೂರರ ಮೇಲೆ. ಅವಳು ಅದನ್ನು ನೋಡಿದಳು. ಮಾಸ್ತರರು ಛಾವಣಿ ನೋಡಿದರು.

"ಮಾಸ್ತರ," ಎಂದಳು ಅಕ್ಕ ಮೈಕು ಬದಿಗೆ ಸರಿಸಿ, "ಮೂರೂ ಜಗ್ಗಾಕತ್ತೈತಿ. ಬಿಳಿ ನಾಕಕ್ಕ ಬರ್ರಿ. ಇನ್ನೊಂದ ಇಳಸ್ರಿ."

ನಾನು ಪಟ್ಟಿಯಿಂದ ಕೈ ತೆಗೆದೆ. "ಯಾವಾಗಿಂದ ಗೊತ್ತೈತಿ ನಿನಗ?"

"ಸಿಂದಗ್ಯಾಗ ಮದಲನೇ ಸಾ ಹಚ್ಚಿದಾಗಿಂದ. ಕಣ್ಣ ಮುಚ್ಚಿ ಹಾಲ ಕುಡಿಯೂ ಬೆಕ್ಕು ನೀ. ನನ್ನ ಗಂಟಲ ನನಗ ಗೊತ್ತಿಲ್ಲೇನ?"

"ಮತ್ತ ಆಣಿ ಮಾಡಿದ್ದಿ?"

"ನಾ ಇಳಿಯೂದಿಲ್ಲ ಅಂದಿದ್ದೆ. ನಾ ಎಲ್ಲಿ ಇಳದೇನಿ? ನೀವಿಬ್ಬರೂ ಇಳಿಸೀರಿ." ಆಮೇಲೆ ಸಣ್ಣ ದನಿಯಲ್ಲಿ, "ನೀ ಮುಚ್ಚಿದಿ ಅಂತ ಹಾಡಿದೆ. ಇಲ್ಲಂದ್ರ ಇಂಡ್ಯಾಗ ಮುಗೀತಿತ್ತು," ಎಂದಳು.

ಮಾಸ್ತರರು ಗುಂಡಿ ಒತ್ತಿದರು, ಅವರ ಕೆಲಸ ಅಲ್ಲಿಗೆ ಮುಗಿಯಿತು. ಬಿಳಿ ನಾಕರಲ್ಲಿ ನಾನು ಹುಡುಗಿಯಾಗಿದ್ದಾಗ ಪಾಠಕ್ಕೆ ಕೈ ಇಟ್ಟದ್ದು, ಆಮೇಲೆ ಇಟ್ಟಿರಲಿಲ್ಲ. ಅಕ್ಕ ಕಣ್ಣು ಮುಚ್ಚಿ ಹಾಡಲು ಹತ್ತಿದಳು. ಯಾರ ಬೆರಳನ್ನೂ ನೋಡದೆ ಅವಳು ಹಾಡಿದ್ದು ಅದೇ ಮೊದಲ ಸಲ. ದನಿ ತುಂಬಿ ಬಂತು. ನಾನೋ ಪಲ್ಲವಿಯಲ್ಲೇ ಎರಡು ಸಲ ತಪ್ಪು ಪಟ್ಟಿ ಒತ್ತಿದೆ, ಸಭೆಗೆಲ್ಲ ಕೇಳಿಸುವ ಹಾಗೆ.

ಅಕ್ಕ ತಾಳ ಬಿಡದೆ ನನ್ನ ಕಡೆ ಬಗ್ಗಿದಳು.

"ಶಾಲ ಹೊಚ್ಚಲೇನ?" ಎಂದಳು.