ಹೀಟರಿನ ಧೂಳು ತೆಗೆದ ದಿನ

ಬೆಚ್ಚಗಿನ ಬ್ರಿಸ್ಬೇನಿನ ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ನಲ್ಲಿದ್ದಷ್ಟು ವರ್ಷ ನಮಗೆ ಹೀಟರಿನ ಚಿಂತೆಯೇ ಇರಲಿಲ್ಲ. ಗಂಡನ ಕೆಲಸಕ್ಕೆಂದು ಅಡಿಲೇಡಿನ ಗುಡ್ಡದ ಮೇಲಿನ ಹಳೆಯ ಬಾಡಿಗೆ ಮನೆಗೆ ಬಂದ ಮೇಲೆ, ಮೊದಲ ಚಳಿಗೆ ಅದನ್ನು ಹಾಕಿದೆವು. ಗೋಡೆಯ ಬುಡದುದ್ದಕ್ಕೂ ಕೂರಿಸಿದ ತಗಡಿನ ಪೆಟ್ಟಿಗೆ ಅದು. ಒಳಗೆ ಬಿಸಿನೀರು ಹರಿಯುವ ತಾಮ್ರದ ಪೈಪು, ಪೈಪಿಗೆ ಒತ್ತೊತ್ತಾಗಿ ಪೋಣಿಸಿದ ತೆಳು ತಗಡಿನ ಪಟ್ಟಿಗಳು. ಸ್ವಲ್ಪ ಹೊತ್ತಿಗೆ ಎಲ್ಲೋ ಏನೋ ಸೀಯುತ್ತಿರುವಂಥ ವಾಸನೆ ಬಂತು. ಬೇಸಿಗೆಯಿಡೀ ಕಾಡ್ಗಿಚ್ಚಿನ ಎಚ್ಚರಿಕೆ ಕೇಳಿ ಕೇಳಿ ಹೆದರಿದ್ದ ನಾನು ಓಡಿಹೋಗಿ ಆರಿಸಿದೆ.

"ಬೆಂಕಿ ಅಲ್ಲ ಕಣೆ, ಧೂಳು," ಎಂದರು ಮೈಸೂರಿನಿಂದ ಬಂದಿದ್ದ ಅತ್ತೆ. "ಎಷ್ಟು ವರ್ಷದ್ದೋ! ನಾಳೆ ಇಬ್ರೂ ಸೇರಿ ತೆಗೆದ್ಬಿಡೋಣ."

ಗಂಡ ಆಫೀಸಿನ ಕೆಲಸಕ್ಕೆ ಪರ್ತ್‌ಗೆ ಹೋಗಿದ್ದರು. ಬೆಳಿಗ್ಗೆ ಪೈಪು ತಣ್ಣಗಿರುವುದನ್ನು ಮುಟ್ಟಿ ನೋಡಿ, ಮುಂಭಾಗದ ತಗಡನ್ನು ಎತ್ತಿ ತೆಗೆದೆ. ಹಿಂದಿದ್ದವರ ನಾಯಿಯ ಕೂದಲು, ಧೂಳು ಎರಡೂ ಸೇರಿ ಕಂಬಳಿಯ ಹಾಗೆ ಹೆಣೆದುಕೊಂಡಿದ್ದವು. ನಾನು ವ್ಯಾಕ್ಯೂಮ್ ಹಿಡಿದು ಒಂದು ತುದಿಯಿಂದ ಹೊರಟೆ. ಅತ್ತೆ ಹಿತ್ತಿಲ ಬಾಗಿಲ ಕಡೆಯ ತುದಿಯಲ್ಲಿ ಕೂತು, ಪೈಪಿನ ಹಿಂದಕ್ಕೆ ಕೈ ತೂರಿಸಿ ಧೂಳನ್ನು ಎಳೆದು ಹಾಕುತ್ತಿದ್ದರು. ಗ್ಲೌಸ್ ಕೊಟ್ಟರೆ, "ಅದನ್ ಹಾಕ್ಕೊಂಡ್ರೆ ನಂಗೆ ಕೈಯೇ ಆಡಲ್ಲ" ಎಂದರು.

ಒಮ್ಮೆ ಥಟ್ಟನೆ ಎಡಗೈ ಹಿಂದಕ್ಕೆಳೆದುಕೊಂಡರು. "ತಗಡು ಚುಚ್ತು." ರಕ್ತ ಬಂದಿರಲಿಲ್ಲ. ಇಬ್ಬರೂ ಅಲ್ಲಿಗೇ ಮರೆತೆವು.

ಕಾಫಿ ಕುಡಿಯುವಾಗ ಅವರು ತೋಳು ಒತ್ತಿಕೊಳ್ಳುತ್ತಿದ್ದುದನ್ನು ಕಂಡೆ. ಹಣೆಯ ಮೇಲೆ ಬೆವರು.

"ಏನತ್ತೆ?"

"ಭುಜದ ತನಕ ಸೆಳೀತಿದೆ." ಲೋಟ ಕೆಳಗಿಟ್ಟು, "ನಿಮ್ಮ ಮಾವನಿಗೂ ಎಡಗೈಯಿಂದಲೇ ಅಲ್ವಾ ಶುರುವಾಗಿದ್ದು?" ಎಂದರು.

ಹಾರ್ಟ್ ಅಟ್ಯಾಕ್ ಆಗಿ ಮಾವ ಆಸ್ಪತ್ರೆ ತಲುಪುವ ಮೊದಲೇ ಹೋಗಿಬಿಟ್ಟಿದ್ದರು. ಆಂಬ್ಯುಲೆನ್ಸಿಗೆ ಫೋನ್ ಮಾಡಿ ವಿಳಾಸ ಹೇಳಲು ಹೋದರೆ ನಮ್ಮ ಬೀದಿಯ ಹೆಸರೇ ನೆನಪಾಗಲಿಲ್ಲ. ಮೇಜಿನ ಮೇಲಿದ್ದ ಅಂಚೆಯ ಕವರ್ ನೋಡಿ ಹೇಳಿದೆ. ಗಂಡನಿಗೆ ಫೋನ್ ಮಾಡುವ ಧೈರ್ಯ ಬರಲಿಲ್ಲ. ಮಾಡಿ ಏನೆಂದು ಹೇಳುವುದು? ಗುಡ್ಡದ ತಿರುವುಗಳಲ್ಲಿ ಆಂಬ್ಯುಲೆನ್ಸ್ ಇಳಿಯುವಾಗ ಅತ್ತೆ ಕಣ್ಣು ಮುಚ್ಚಿದ್ದರು. ಅವರು ಕಣ್ಣು ಬಿಡಲಿ ಎಂದು ಸುಳ್ಳೇ ಏನೇನೋ ಕೇಳುತ್ತಿದ್ದೆ, ಸಾರಿಗೆ ಹುಣಸೆ ಎಷ್ಟು ಹಾಕಬೇಕೆಂದೂ ಕೇಳಿದೆ.

ಆಸ್ಪತ್ರೆಯಲ್ಲಿ ಇಸಿಜಿ ಸರಿಯಿತ್ತು, ರಕ್ತಪರೀಕ್ಷೆಯೂ ಸರಿಯಿತ್ತು. ನೋವು ಮಾತ್ರ ಏರುತ್ತಲೇ ಇತ್ತು. ಎಲ್ಲ ಸರಿಯಿದ್ದೂ ಅವರು ಹೀಗೆ ನರಳುತ್ತಿದ್ದುದು ನನ್ನನ್ನು ಇನ್ನಷ್ಟು ಹೆದರಿಸಿತು.

ಡಾಕ್ಟರಮ್ಮ ಅತ್ತೆಯ ಎಡಗೈ ತಿರುಗಿಸಿ ನೋಡಿದರು. ಒಂದು ಬೆರಳ ಸುತ್ತ ಮಾತ್ರ ಬೆವರು ಹನಿಗಟ್ಟಿತ್ತು, ಅಲ್ಲಿನ ರೋಮ ನಿಮಿರಿತ್ತು.

"ಬೆಳಿಗ್ಗೆ ಇವರು ಏನು ಮಾಡುತ್ತಿದ್ದರು?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಹೀಟರಿನ ಧೂಳು ಎಂದೆ. ಅವರು ತಲೆಯಾಡಿಸಿದರು. "ರೆಡ್‌ಬ್ಯಾಕ್ ಇರಬೇಕು. ವಿಷದ ಜೇಡ. ನೋವು ಜೋರು, ಆದರೆ ಪ್ರಾಣಕ್ಕೆ ಅಪಾಯವಿಲ್ಲ."

ವಿಷ ಎನ್ನುವ ಮಾತೇ ನನ್ನ ಕಿವಿಯಲ್ಲಿ ನಿಂತಿತು. ಅತ್ತೆಗೆ ಕನ್ನಡದಲ್ಲಿ ಹೇಳಿದಾಗ ಅವರು ಕೇಳಿದ್ದು ಒಂದೇ: "ಹಾರ್ಟ್ ಅಲ್ಲ ತಾನೆ?" ಅಲ್ಲ ಎಂದೆ. ಅತ್ತುಬಿಟ್ಟರು. ಮಾವ ಹೋದಾಗಲೂ ಅವರು ನನ್ನೆದುರು ಅತ್ತಿರಲಿಲ್ಲ.

ನೋವಿನ ಔಷಧಿ ಕೊಟ್ಟು, ಒಂದು ರಾತ್ರಿ ಇಟ್ಟುಕೊಂಡು ಕಳಿಸಿದರು. ಮನೆಗೆ ಬಂದು ಅತ್ತೆಯನ್ನು ಮಲಗಿಸಿ, ಬೂಟು, ಗ್ಲೌಸ್ ಹಾಕಿಕೊಂಡು ಹಿತ್ತಿಲ ಬಾಗಿಲ ತುದಿಗೆ ಟಾರ್ಚ್ ಬಿಟ್ಟೆ. ಪೈಪಿನ ಹಿಂದೆ, ಸಿಕ್ಕುಸಿಕ್ಕಾದ ಬಲೆಯಲ್ಲಿ, ಬಟಾಣಿ ಗಾತ್ರದ ಕಪ್ಪು ಮೈ, ಬೆನ್ನಿಗೆ ಕೆಂಪು ಪಟ್ಟೆ. ಸ್ಪ್ರೇ ಹೊಡೆದೆ. ಅರ್ಧ ಗೋಡೆಗೇ ಹೋಯಿತು. ಉಳಿದ ಧೂಳನ್ನು ಒಬ್ಬಳೇ ತೆಗೆದೆ, ಪ್ರತಿ ಸಲ ಕೈ ಹಾಕುವ ಮೊದಲು ಪೆಟ್ಟಿಗೆಯನ್ನು ಕಾಲಿನಿಂದ ಒದ್ದು.

ಸಂಜೆ ಅತ್ತೆ ಮೈಸೂರಿನ ತಂಗಿಗೆ ಫೋನ್ ಮಾಡುವ ಮುನ್ನ ನನ್ನನ್ನು ಕರೆದು ಮೆಲ್ಲಗೆ ಹೇಳಿದರು: "ಜೇಡ ಕಚ್ತು ಅಂತ ಹೇಳ್ಬೇಡ, ನಗ್ತಾಳೆ. ಹಾವು ಅಂದ್ಬಿಡ್ತೀನಿ."