ಏಕಾಂತಯ್ಯನವರು ಪ್ರದರ್ಶನ ಜೋಡಿಸಲು ಕಲಿತದ್ದು

ಏಕಾಂತಯ್ಯನವರು ಜಯನಗರದಲ್ಲಿ ಅಂಗಡಿಗಳ ಬೋರ್ಡು ಬರೆಯುತ್ತಿದ್ದವರು. ಊರು ಚಿತ್ರದುರ್ಗದ ಕಡೆ. ಮದುವೆಯಾದ ಮೇಲೆ ಬೆಂಗಳೂರಿಗೆ ಬಂದು ತ್ಯಾಗರಾಜನಗರದ ಒಂದು ವಠಾರದಲ್ಲಿ ಮನೆ ಹಿಡಿದಿದ್ದರು. ಅವರ ಅಕ್ಷರ ಎಷ್ಟು ದುಂಡಗಿತ್ತೆಂದರೆ, ಹೊಸ ಬಡಾವಣೆಯಲ್ಲಿ ಯಾರು ಅಂಗಡಿ ತೆರೆದರೂ ಮೊದಲು ಅವರನ್ನೇ ಹುಡುಕಿಕೊಂಡು ಬರುತ್ತಿದ್ದರು.

೧೯೬೧ರಲ್ಲಿ ಮಹಿಳಾ ಸಮಾಜದ ಕಾರ್ಯದರ್ಶಿ ಸೀತಮ್ಮನವರು ಅವರಿಗೆ ಹೇಳಿಕಳಿಸಿದರು. ಸುತ್ತಲಿನ ಹೊಲಗಳು ಒಂದೊಂದಾಗಿ ಸೈಟುಗಳಾಗುತ್ತಿದ್ದ ಕಾಲ. ಹಳ್ಳಿಮನೆಗಳ ಸಾಮಾನು ಅಟ್ಟ ಸೇರುವ ಮೊದಲು ಅವನ್ನು ಜನರಿಗೆ ತೋರಿಸಬೇಕೆಂಬುದು ಸೀತಮ್ಮನವರ ಆಸೆ.

"ಮೊರ, ಕಡಗೋಲು, ಈಳಿಗೆಮಣೆ, ಇದನ್ನೆಲ್ಲ ಯಾರೋ ಯೋಚನೆ ಮಾಡೇ ಮಾಡಿದಾರೆ ಅಲ್ವೇ? ಆಕಾರ ಸುಮ್ನೆ ಬರಲ್ಲ. ನೂರಿಪ್ಪತ್ತು ಸಾಮಾನು ಸೇರ್ಸಿದೀನಿ. ನೀವು ಚೀಟಿ ಬರ್ಕೊಡಿ" ಎಂದರು. ಜೋಡಿಸಲು ಒಪ್ಪಿಕೊಂಡಿದ್ದ ಡ್ರಾಯಿಂಗ್ ಮೇಷ್ಟ್ರಿಗೆ ಅಷ್ಟರಲ್ಲಿ ವರ್ಗವಾಗಿತ್ತು. "ಜೋಡ್ಸೋದೂ ನೀವೇ ಮಾಡ್ಬಿಡಿ. ಬೋರ್ಡು ಎಲ್ಲಿ ಹಾಕಿದ್ರೆ ಕಾಣುತ್ತೆ ಅನ್ನೋದು ಗೊತ್ತಿರೋರು ತಾನೇ."

ಏಕಾಂತಯ್ಯನವರು ತಮಗೆ ತಿಳಿದಂತೆ, ಅಂಗಡಿ ತುಂಬುವ ಹಾಗೆ ತುಂಬಿದರು. ಗೋಡೆಯಲ್ಲಿ ಒಂದು ಗೇಣು ಜಾಗ ಉಳಿಯಲಿಲ್ಲ. ಶನಿವಾರ ಸಮಾಜದ ಹಾಲಿನಲ್ಲಿ ಪ್ರದರ್ಶನ ಶುರುವಾಯಿತು. ಬಂದವರು ಒಂದು ಸುತ್ತು ಹಾಕಿ, "ಚೆನ್ನಾಗಿದೆ" ಎಂದು ನೇರವಾಗಿ ಹಿತ್ತಲಿನಲ್ಲಿ ಬೋಂಡ ಕರಿಯುತ್ತಿದ್ದ ಕಡೆಗೆ ನಡೆದರು. ಯಾರೂ ಯಾವುದರ ಮುಂದೆಯೂ ನಿಲ್ಲಲಿಲ್ಲ. ಬಾಗಿಲ ಬಳಿ ಕೂತು ನೋಡುತ್ತಿದ್ದ ಅವರಿಗೆ ಪೆಚ್ಚೆನಿಸಿತು. ತಪ್ಪೆಲ್ಲಿದೆ ಎಂಬುದು ಮಾತ್ರ ಹೊಳೆಯಲಿಲ್ಲ.

ಭಾನುವಾರ ಪುಟ್ಟೇನಹಳ್ಳಿಯಿಂದ ಬೈರಮ್ಮ ಎಂಬ ಮುದುಕಿ ಬಂದರು. ತಮ್ಮ ಮನೆಯಿಂದ ಕೊಟ್ಟಿದ್ದ ಕೂರಿಗೆ ಬಟ್ಟಲನ್ನು ನೋಡಲೆಂದೇ ನಡೆದುಕೊಂಡು ಬಂದಿದ್ದರು. ಬಿತ್ತುವಾಗ ಬೀಜ ಸುರಿಯುವ, ತಳದಲ್ಲಿ ತೂತುಗಳಿರುವ ಮರದ ಬಟ್ಟಲು ಅದು. ಎರಡು ಸಲ ಸುತ್ತಿದ ಮೇಲೆ ಕಣ್ಣಿಗೆ ಬಿತ್ತು. ಬೋರಲಾಗಿ ನೇತಾಡುತ್ತಿತ್ತು. ಕೆಳಗೆ ದುಂಡಗಿನ ಅಕ್ಷರದಲ್ಲಿ "ಮರದ ದೀಪ" ಎಂಬ ಚೀಟಿ.

"ಅಯ್ಯೋ ಸಿವ್ನೇ! ಬಿತ್ನೆ ಬಟ್ಲನ್ನ ದೀಪ ಮಾಡವ್ರಲ್ಲಪ್ಪೋ!"

ಇಡೀ ಹಾಲ್ ನಕ್ಕಿತು. ಏಕಾಂತಯ್ಯನವರ ಕಿವಿ ಬಿಸಿಯಾಯಿತು. ಆದರೂ ಎದ್ದು ಬಂದು, ಬಟ್ಟಲನ್ನು ಇಳಿಸಿ, ತಮ್ಮ ಕುರ್ಚಿಯನ್ನೇ ಅವರಿಗೆ ಎಳೆದು ಹಾಕಿದರು.

"ತಪ್ಪಾಯ್ತು ತಾಯಿ, ನಂಗೆ ಗೊತ್ತಿರ್ಲಿಲ್ಲ. ಮಿಕ್ಕಿದ್ದನ್ನೂ ಒಂದ್ಸಲ ನೋಡಿ, ಎಲ್ಲೆಲ್ಲಿ ಎಡವಿದೀನಿ ಹೇಳ್ತೀರಾ?"

ಬೈರಮ್ಮನವರ ನಗು ಅಲ್ಲಿಗೆ ನಿಂತಿತು. ಅವರು ಒಂದೊಂದರ ಮುಂದೂ ನಿಂತು ಹೇಳುತ್ತ ಹೋದರು. "ಈ ಮೊರಕ್ಕೆ ಮೊಳೆ ಹೊಡ್ದು ನೇತಾಕಿದ್ದೀಯ. ಕೇರೋವಾಗ ಕೈಯಾಗೆ ಹೆಂಗಿರ್ತದೋ ಹಂಗಿಡಪ್ಪ. ತುದಿ ಯಾಕೆ ಅಗಲ ಐತೆ ಅಂತ ಆಗ ತಿಳೀತದೆ." ಮೊರದ ಅಂಚನ್ನು ಸವರಿ ನೋಡಿ ಕೇಳಿದರು: "ಹೆಣ್ದೋನ ಹೆಸ್ರೇ ಬರ್ದಿಲ್ವಲ್ಲ? ಇದು ಹುಳಿಮಾವಿನ ತಿಮ್ಮರಾಯಪ್ಪನ ಕೈ. ಅಂಚು ಕಟ್ಟಿರೋದು ನೋಡಿದ್ರೇ ಗೊತ್ತಾಯ್ತದೆ."

ಸೋಮವಾರ ಪ್ರದರ್ಶನಕ್ಕೆ ರಜ. ಬೆಳಗ್ಗೆಯೇ ಹೋಗಿ ಏಕಾಂತಯ್ಯನವರು ಸೀತಮ್ಮನವರಿಗೆ, "ಎಂಬತ್ತು ಸಾಮಾನು ತೆಗೀಬೇಕು" ಎಂದರು.

"ಏನ್ರೀ ಇದು! ಮನೆಮನೆಗೂ ಹೋಗಿ ಕೇಳಿ ತಂದಿದೀನಿ. ಕೊಟ್ಟೋರು ಬೇಜಾರು ಮಾಡ್ಕೊಳಲ್ವೇ?"

"ಬೋರ್ಡಿನ ತುಂಬ ಅಕ್ಷರ ತುಂಬಿದ್ರೆ ಯಾರೂ ಓದಲ್ಲ ಅಮ್ಮಾ. ಸುತ್ತ ಜಾಗ ಬಿಟ್ರೇನೇ ಕಣ್ಣು ನಿಲ್ಲೋದು. ನಿನ್ನೆವರೆಗೂ ನಂಗೇ ಇದು ಹೊಳೀಲಿಲ್ಲ."

ಸೀತಮ್ಮನವರು ಸುಲಭಕ್ಕೆ ಬಗ್ಗಲಿಲ್ಲ. ಕೊನೆಗೆ ದಿನಕ್ಕೆ ನಲವತ್ತರಂತೆ ಮೂರು ದಿನ ಬದಲಿಸಿ ಇಡುವುದೆಂದಾಯಿತು. ಯಾರ ಸಾಮಾನು ಯಾವ ದಿನ ಎಂದು ಮನೆಮನೆಗೆ ತಿಳಿಸುವ ಕೆಲಸವನ್ನು ಏಕಾಂತಯ್ಯನವರೇ ವಹಿಸಿಕೊಂಡು, ಸೈಕಲ್ಲು ತುಳಿದು ಹೇಳಿ ಬಂದರು. ಚೀಟಿಗಳನ್ನೂ ಹೊಸದಾಗಿ ಬರೆದರು: ಏನು, ಯಾತಕ್ಕೆ, ಮಾಡಿದವರು ಯಾರು. ಎತ್ತರದಲ್ಲಿದ್ದುದನ್ನು ಕಣ್ಣಿನ ಮಟ್ಟಕ್ಕೆ ಇಳಿಸಿದರು. ಸಣ್ಣ ಕೆತ್ತನೆಯ ಸಾಮಾನು ಇಟ್ಟಿದ್ದ ಮೇಜನ್ನು ಕಿಟಕಿಯ ಬೆಳಕಿಗೆ ಸರಿಸಿದರು. ಬೈರಮ್ಮನವರ ಮನೆಯ ಕೂರಿಗೆ ಬಟ್ಟಲು ಮಾತ್ರ ಮೂರು ದಿನವೂ ಇರಬೇಕೆಂದು ಹಟ ಹಿಡಿದು, ಇಡೀ ಕೂರಿಗೆಯನ್ನೇ ಎತ್ತಿನ ಗಾಡಿಯಲ್ಲಿ ತರಿಸಿ, ಹಾಲಿನ ನಡುವೆ ಮರಳು ಹಾಸಿ ನಿಲ್ಲಿಸಿದರು. ಪಕ್ಕದಲ್ಲಿ ಒಂದು ಕುಕ್ಕೆ ರಾಗಿ.

ಮಂಗಳವಾರ ಜನ ನಿಂತರು. ಬೈರಮ್ಮ ಬಟ್ಟಲಿಗೆ ಒಂದು ಹಿಡಿ ರಾಗಿ ಬಿಟ್ಟರೆ, ಅದು ಬಿದಿರಿನ ಕೊಳವೆಗಳಲ್ಲಿ ಇಳಿದು ಮರಳಿನ ಮೇಲೆ ಸಾಲುಸಾಲಾಗಿ ಬೀಳುತ್ತಿತ್ತು. ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಒಬ್ಬರು ಬಗ್ಗಿ, ಮೂರು ಸಲ ರಾಗಿ ಬಿಡಿಸಿ ನೋಡಿದರು.

"ಎಲ್ಲಾ ಕೊಳವೇಲೂ ಸಮಾ ಬೀಳ್ತಿದೆಯಲ್ರೀ! ಯಾವ ಇಂಜಿನಿಯರ್ ಮಾಡಿದ್ದು?"

"ಇಂಜಿನೇರೂ ಇಲ್ಲ ಗಿಂಜಿನೇರೂ ಇಲ್ಲ, ನಮ್ಮೂರ ಬಡಗಿ ಮಾಡಿದ್ದು" ಎಂದು ಬೈರಮ್ಮ ಮತ್ತೊಂದು ಹಿಡಿ ಸುರಿದರು. ಮೂರು ದಿನವೂ ಅವರು ಆ ಜಾಗ ಬಿಟ್ಟು ಏಳಲಿಲ್ಲ.

ಬುಧವಾರ ತಿಮ್ಮರಾಯಪ್ಪನೇ ಬಂದ. ಮೊರದ ಮುಂದಿನ ಚೀಟಿಯನ್ನು ಏಕಾಂತಯ್ಯನವರಿಂದ ಓದಿಸಿ ಕೇಳಿದ. ಟವೆಲಿನಿಂದ ಮುಖ ಒರೆಸಿಕೊಂಡು, ಬಹಳ ಹೊತ್ತು ಅಲ್ಲೇ ನಿಂತಿದ್ದ.

ಆ ಮೇಲೆ ಸಮಾಜ ಪ್ರತಿವರ್ಷವೂ ಏಕಾಂತಯ್ಯನವರನ್ನೇ ಕರೆಯಿತು. ಒಂದು ವರ್ಷ ಬೀಗಗಳು, ಇನ್ನೊಂದು ವರ್ಷ ನೀರಿನ ಪಾತ್ರೆಗಳು. ಬೋರ್ಡು ಬರೆಯುವುದನ್ನು ಅವರು ಬಿಡಲಿಲ್ಲ. ಆದರೆ ಭಾನುವಾರಗಳು ಹಳ್ಳಿಗಳ ಜಗಲಿಗಳಿಗೇ ಮೀಸಲಾದವು. ಸಾಮಾನಿನ ಆಕಾರ ನೋಡುವ ಮೊದಲು ಅದನ್ನು ಬಳಸುವವರ ಕೈ ನೋಡುವುದು ಅವರಿಗೆ ರೂಢಿಯಾಯಿತು. ಹೆಂಡತಿ ಶಿವಬಸಮ್ಮ, "ಇವ್ರಿಗೆ ವಾರಕ್ಕೊಂದು ಹೊಸ ನೆಂಟಸ್ತನ" ಎಂದು ನಗುತ್ತಲೇ ಬುತ್ತಿ ಕಟ್ಟಿಕೊಡುತ್ತಿದ್ದರು.

೧೯೬೬ರ ಪ್ರದರ್ಶನ ಮಕ್ಕಳ ಸಾಮಾನಿನದು. ಹುಳಿಮಾವಿನ ಒಂದು ಮನೆಯವರು ತಮ್ಮ ಹಳೆಯ ಮರದ ತೊಟ್ಟಿಲು ಕೊಡಲು ಒಪ್ಪಿದ್ದರು. ಏಕಾಂತಯ್ಯನವರು ಗಾಡಿ ಹೊಡೆಸಿಕೊಂಡು ಹೋದಾಗ ಮೊಮ್ಮಗು ಅದರಲ್ಲೇ ನಿದ್ದೆಹೋಗಿತ್ತು. ಮನೆಯಾಕೆ ಎತ್ತಿಕೊಳ್ಳಲು ಮುಂದಾದರು. ಇವರು ಬೇಡವೆಂದು ಕೈಯಾಡಿಸಿದರು.

"ತಾನಾಗೇ ಏಳ್ಲಿ ಬಿಡಮ್ಮ. ನಂಗೇನೂ ಅವಸರ ಇಲ್ಲ."

ಜಗಲಿಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, ಆಕೆ ಕೊಟ್ಟ ಬೇಯಿಸಿದ ಅವರೆಕಾಯಿ ಸುಲಿದು ತಿನ್ನುತ್ತ, ತೊಟ್ಟಿಲು ತೂಗುವ ಹಗ್ಗ ಎಲ್ಲಿ ಸವೆದಿದೆ ಎಂದು ನೋಡುತ್ತಿದ್ದರು.